ತುಂಬಿದ ಬಕೆಟ್, ಖಾಲಿ ಬಕೆಟ್

ಪೇಂಟಿಂಗ್ ಓದಿದವ್ರು ಅನಿಮೇಷನ್‌ಗೆ ಹೆಂಗೆ ಹೋದ್ರಿ, ಮ್ಯಾಗಝೀನ್‌ಗೆ ಒಂದೆರಡು ಪುಟ ಬರ್ಕೊಡಿ ಅಂತ ಕಾಲೇಜಿಂದ ಕೇಳಿದಾಗ ನಗು ಬಂತು, ಯಾಕಂದ್ರೆ ನಾನು ಹೋಗಿದ್ದಲ್ಲ, ಹೆಚ್ಚುಕಮ್ಮಿ ಜಾರಿ ಬಿದ್ದಿದ್ದು. ನಮ್ಮ ಬ್ಯಾಚಲ್ಲಿ ಅನಿಮೇಷನ್ ಅನ್ನೋ ಸಬ್ಜೆಕ್ಟೇ ಇರ್ಲಿಲ್ಲ. ಸ್ಟಿಲ್ ಲೈಫು, ಲೈಫ್ ಸ್ಟಡಿ, ಕಾಂಪೊಸಿಷನ್ನು, ಕಲೆಯ ಇತಿಹಾಸ, ಮುಗೀತು. ಕಾರ್ಟೂನು ಅಂದ್ರೆ ನಮಗೆಲ್ಲ ಒಂಚೂರು ತಾತ್ಸಾರಾನೂ ಇತ್ತು, ಸುಳ್ಳು ಯಾಕೆ ಹೇಳ್ಲಿ.

ನನಗೆ ನೆನಪಿರೋದು ಒಂದು ಬಕೆಟ್ಟು. ಎರಡನೇ ವರ್ಷ, ಲೈಫ್ ಸ್ಟಡಿ ಕ್ಲಾಸು, ಅವತ್ತು ಮಾಡೆಲ್ ಬಂದಿರ್ಲಿಲ್ಲ. ಮೇಷ್ಟ್ರು ಬ್ರಶ್ ತೊಳೆಯೋ ಕಡೆಯಿಂದ ಬಕೆಟ್ ತಂದು ಕ್ಲಾಸಿನ ನಡುವೆ ಇಟ್ಟು, ಒಬ್ಬೊಬ್ರೇ ಬಂದು ಎತ್ತಿ, ಉಳಿದವ್ರು ಬರೀರಿ ಅಂದ್ರು. ಮೊದ್ಲು ನೀರು ತುಂಬಿದ್ದು, ಆಮೇಲೆ ಖಾಲಿದು. ನಾವೆಲ್ಲ ಎತ್ತಿ ನಿಂತ ಪೋಸನ್ನ ಬರೆದು, ಶೇಡಿಂಗ್ ಮಾಡಿ, ಬೀಗ್ತಾ ಕೂತಿದ್ವಿ. ಅವ್ರು ನನ್ನ ಹಾಳೆ ಹತ್ರ ಬಂದು "ಇದ್ರಲ್ಲಿ ತುಂಬಿದ್ದು ಯಾವ್ದು, ಖಾಲಿ ಯಾವ್ದು?" ಅಂದ್ರು. ಬರೆದವ್ನು ನಾನೇ, ನನಗೇ ಗೊತ್ತಾಗ್ಲಿಲ್ಲ. ಎರಡೂ ಒಂದೇ ಥರ ಇದ್ವು.

"ಎತ್ತಿದ್ಮೇಲೆ ನೋಡ್ಬೇಡ ಕಣೋ, ಎತ್ತೋಕ್ ಮುಂಚೆ ನೋಡು" ಅಂದು ಮತ್ತೆ ಎತ್ತಿಸಿದ್ರು. ಆವಾಗ ಕಾಣಿಸ್ತು. ತುಂಬಿದ ಬಕೆಟ್ ಆದ್ರೆ ಮೊದ್ಲು ಕಾಲು ಹತ್ರ ಬರ್ತವೆ, ಮಂಡಿ ಬಗ್ಗುತ್ತೆ, ಹೆಗಲು ಮೇಲೆದ್ರೂ ಬಕೆಟ್ ಇನ್ನೂ ನೆಲದಲ್ಲೇ ಇರುತ್ತೆ, ಎದ್ದ ಮೇಲೆ ಮೈ ಆ ಕಡೆ ವಾಲಿ ಖಾಲಿ ಕೈ ತಾನಾಗೇ ಹೊರಗೆ ಚಾಚ್ಕೊಳ್ಳುತ್ತೆ. ಖಾಲಿದಾದ್ರೆ ಕೈ ಹೋಯ್ತು, ಬಕೆಟ್ ಬಂತು, ಅಷ್ಟೇ. ಆಮೇಲೆ ನಮ್ಮಲ್ಲೊಬ್ಬನನ್ನ ಹೊರಗೆ ಕಳ್ಸಿ, ಅವ್ನು ಇಲ್ದಾಗ ನೀರು ಚೆಲ್ಲಿಸಿ, ವಾಪಸ್ ಕರೆದು ಎತ್ತು ಅಂದ್ರು. ತುಂಬಿದೆ ಅಂದ್ಕೊಂಡು ಮೈಯೆಲ್ಲ ಬಿಗಿ ಮಾಡಿ ಎತ್ತಿದ್ನಲ್ಲ, ಬಕೆಟ್ ಎದೆ ತನಕ ಹಾರಿ ಅವ್ನು ಹಿಂದಕ್ಕೆ ಎರಡು ಹೆಜ್ಜೆ ತಟ್ಟಾಡ್ದ. ಕ್ಲಾಸೆಲ್ಲ ನಗು. ಮೇಷ್ಟ್ರು ಮಾತ್ರ "ಬರೀರಿ, ಬರೀರಿ, ಮರ್ತೋಗುತ್ತೆ" ಅಂತಿದ್ರು.

ಎತ್ತೋಕ್ ಮುಂಚೆ ಮೈ ಹೀಗೆ ತಯಾರಾಗೋದಕ್ಕೆ ಆಂಟಿಸಿಪೇಷನ್ ಅಂತ ಹೆಸ್ರಿದೆ, ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ತಂದ ಪುಸ್ತಕದಲ್ಲಿ ಬರೋ ಅನಿಮೇಷನ್ನಿನ 12 ತತ್ವಗಳಲ್ಲಿ ಇದೂ ಒಂದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ.

ಆ ಬಕೆಟ್ ಆದ್ಮೇಲೆ ಹುಚ್ಚು ಹಿಡೀತು. ಎರಡು ತೂತು ಹಾಕೋ ಆಫೀಸ್ ಪಂಚಿಂಗ್ ಮಷೀನಲ್ಲಿ ಹಾಳೆಗೆ ತೂತು ಹೊಡೆದು, ಸಣ್ಣ ಮರದ ಪಟ್ಟಿ ಮೇಲೆ ಅದೇ ಅಳತೆಗೆ ಎರಡು ಸ್ಕ್ರೂ ನಿಲ್ಸಿ, ಹಾಳೆಗಳು ಅಲುಗದಂಗೆ ಹಿಡಿಯೋ ಪೆಗ್ ಬಾರ್ ಮಾಡ್ಕೊಂಡೆ, ಕೆಳಗಿನ ಹಾಳೆಯ ಚಿತ್ರ ಕಾಣೋ ಹಾಗೆ ಬೆಳಕು ಬಿಡೋ ಲೈಟ್ ಬಾಕ್ಸ್ ಬದ್ಲು ಕಿಟಕಿ ಗಾಜು. ಮಧ್ಯಾಹ್ನ ಬೆಳಕಿರೋ ತನಕ ಪಟ್ಟೀನ ಎತ್ತಿ ಹಿಡ್ದು, ಹಾಳೆಗಳನ್ನ ಗಾಜಿಗೆ ಒತ್ತಿ ಬರೆಯೋದು, ಕೈ ನೋವು ಬರೋದು. ಸೆಕೆಂಡಿಗೆ 24 ಫ್ರೇಮು, ಒಂದು ಚಿತ್ರಾನ ಎರಡೆರಡು ಫ್ರೇಮ್ ಹಿಡಿದ್ರೂ 12 ಚಿತ್ರ ಬೇಕು, ಅಂದ್ರೆ ಒಂದು ನಿಮಿಷಕ್ಕೆ 720. ಮೊದಲ ಸಲ ಈ ಲೆಕ್ಕ ಹಾಕ್ದಾಗ ಪೆನ್ಸಿಲ್ ಕೆಳಗಿಟ್ಟು ಎದ್ದು ಹೋಗಿದ್ದೆ. ಆದ್ರೆ ಐದು ಹಾಳೇನ ಬೆರಳುಗಳ ಮಧ್ಯೆ ಸಿಕ್ಕಿಸ್ಕೊಂಡು ಫ್ಲಿಪ್ ಮಾಡ್ದಾಗ ಚೆಂಡು ನಿಜಕ್ಕೂ ಕೆಳಗೆ ಬಿದ್ದು ಚಪ್ಪಟೆ ಆಗಿ ಎದ್ದಿದ್ದು ನೋಡಿದ್ಮೇಲೆ ಬಿಡೋಕೆ ಮನಸ್ಸು ಬರ್ಲಿಲ್ಲ.

ಕಾಲೇಜು ಮುಗಿಸಿ ಶೋರೀಲ್ ಮಾಡ್ದೆ, ಅಂದ್ರೆ ಕೆಲ್ಸ ಕೇಳೋಕೆ ನಮ್ಮ ಕೆಲ್ಸದ ತುಣುಕು ಜೋಡಿಸಿದ ವಿಡಿಯೋ. ಮೂರು ನಿಮಿಷದ್ದು! ಮೊದ್ಲು ನನ್ನ ಹೆಸ್ರು ಗಿರಗಿರ ತಿರುಗೋದು, ಆಮೇಲೆ ನನ್ನ ಪೇಂಟಿಂಗುಗಳ ಸ್ಲೈಡ್ ಶೋ, ಹಿಂದೆ ಭರ್ಜರಿ ಮ್ಯೂಸಿಕ್ಕು, ಕೊನೆಗೆಲ್ಲೋ ಒಬ್ಬ ಮನುಷ್ಯ ನಡೀತಾನೆ. ಒಂದು ಸ್ಟುಡಿಯೋದಲ್ಲಿ ನನ್ನ ಎದುರಿಗೇ ಹಾಕಿ ನೋಡಿದ್ರು, ಇನ್ನೂ ಸ್ಲೈಡ್ ಶೋ ನಡೀತಿದ್ದಾಗ್ಲೇ ಎಳ್ಕೊಂಡು ಕೊನೆಗೆ ಹೋಗಿ, ನಡೆಯೋನ ಕಾಲು ನೋಡಿ ಕ್ಲೋಸ್ ಮಾಡಿದ್ರು. "ಕಾಲು ಜಾರ್ತಿದೆ" ಅಂದ್ರು, ಅಷ್ಟೇ. ಊರಿದ ಕಾಲು ನೆಲದ ಮೇಲೆ ನಿಲ್ದೆ ಐಸ್ ಮೇಲೆ ಹೋದಂಗೆ ಜಾರ್ತಿತ್ತು. ಆವಾಗ ತುಂಬಾ ಕೋಪ ಬಂದಿತ್ತು, ಮೂರು ವರ್ಷದ ಪೇಂಟಿಂಗ್ ಕಣ್ಣಿಗೆ ಬೀಳ್ಲಿಲ್ವಾ ಅಂತ. ಈಗ ನಾನೇ ಆ ಕುರ್ಚಿಯಲ್ಲಿ ಕೂತು ರೀಲ್ ನೋಡ್ತೀನಿ, ಏನ್ ಹೇಳ್ಲಿ, ನಾನೂ ಮೊದ್ಲು ಕಾಲೇ ನೋಡೋದು.

ಎರಡನೇ ರೀಲ್‌ಗೆ ಎಲ್ಲಾ ಕಿತ್ತು ಹಾಕಿ 40 ಸೆಕೆಂಡ್ ಮಾತ್ರ ಉಳಿಸ್ಕೊಂಡೆ. ಅದ್ರಲ್ಲಿ ಒಂದು ಶಾಟು, ಒಬ್ಳು ಹುಡುಗಿ ಚೀಲ ಎತ್ತಿ ಹೆಗಲಿಗೆ ಹಾಕ್ಕೋತಾಳೆ, ಬಣ್ಣ ಇಲ್ಲ, ಬ್ಯಾಕ್‌ಗ್ರೌಂಡ್ ಇಲ್ಲ, ಬರೀ ಪೆನ್ಸಿಲ್ ಗೆರೆ. ಇಂಟರ್‌ವ್ಯೂನಲ್ಲಿ ಕೂತಿದ್ದವ್ರು ಅದನ್ನ ಎರಡು ಸಲ ನೋಡಿ "ಚೀಲದಲ್ಲಿ ಪುಸ್ತಕ ಇದ್ಯಾ?" ಅಂದ್ರು. ನನಗೆ ಮೇಷ್ಟ್ರ ಬಕೆಟ್ಟೇ ಕಣ್ಮುಂದೆ ಬಂತು. ಹೌದು ಸರ್, ಪುಸ್ತಕ ಅಂದೆ. ಕೆಲ್ಸ ಸಿಕ್ತು.

ಕೆಲ್ಸ ಅಂದ್ರೆ ಇನ್‌ಬಿಟ್ವೀನರ್, ಏಣಿಯ ಕೊಟ್ಟಕೊನೆ ಮೆಟ್ಟಿಲು. ದೊಡ್ಡವ್ರು ಕೀ ಡ್ರಾಯಿಂಗ್, ಅಂದ್ರೆ ಚಲನೆಯ ಮುಖ್ಯ ಭಂಗಿಗಳನ್ನ ಬರೀತಾರೆ, ಹಾಳೆ ಅಂಚಲ್ಲಿ ಸಣ್ಣ ಏಣಿ ಥರ ಗೀಟು ಹಾಕಿ ಮಧ್ಯದ ಚಿತ್ರಗಳು ಎಲ್ಲೆಲ್ಲಿ ಬರ್ಬೇಕು ಅಂತ ಗುರುತು ಮಾಡಿರ್ತಾರೆ, ನಾನು ಅವನ್ನ ತುಂಬ್ಬೇಕು. ಇದೇನ್ ಮಹಾ ಅಂದ್ಕೊಂಡಿದ್ದೆ. ತಲೆ ಎಡದಿಂದ ಬಲಕ್ಕೆ ತಿರುಗೋ ಶಾಟು, ನಾನು ಸ್ಕೇಲ್ ಇಟ್ಟಂಗೆ ಸರಿ ಮಧ್ಯಕ್ಕೆ ಬರೆದು ಕೊಟ್ಟೆ, ಲೀಡ್ ಮೇಡಂ ಫ್ಲಿಪ್ ಮಾಡಿ "ತಲೆ ಗೋಡೆಗೆ ಉಜ್ಕೊಂಡು ಹೋದಂಗಿದೆ ನೋಡು" ಅಂತ ವಾಪಸ್ ಕೊಟ್ರು. ತಿರುಗೋ ತಲೆ ಮಧ್ಯದಲ್ಲಿ ಒಂಚೂರು ಕೆಳಗಿಳಿದು ಮೇಲೇಳ್ಬೇಕು, ಕಮಾನಿನ ಥರ ಹೋಗ್ಬೇಕು. ಲೆಕ್ಕದ ಮಧ್ಯ ಬೇರೆ, ಮೈಯ ಮಧ್ಯ ಬೇರೆ. ಸುಮಾರು ಒಂದು ವರ್ಷ ನಾನು ಇದೊಂದನ್ನೇ ಕಲ್ತೆ ಅನ್ನಬಹುದು, ಬೇಜಾರಾದಾಗ ಈ ಬಾಗಿಲಿಂದ ಒಳಗೆ ಬಂದವ್ರನ್ನ ನೆನೆಸ್ಕೊತಿದ್ದೆ. ಜಪಾನಿನ ಅನಿಮೇಷನ್ ನಿರ್ದೇಶಕ ಹಯಾವೊ ಮಿಯಾಝಾಕಿ ಕಾಲೇಜಲ್ಲಿ ಓದಿದ್ದು ರಾಜಕೀಯ ಮತ್ತು ಅರ್ಥಶಾಸ್ತ್ರ, 1963ರಲ್ಲಿ ತೋಯಿ ಸ್ಟುಡಿಯೋಗೆ ಸೇರಿದ್ದು ಇನ್‌ಬಿಟ್ವೀನರ್ ಆಗಿ. ಟೈರಸ್ ವಾಂಗ್ ಅಂತ ಪೇಂಟರ್, 1938ರಲ್ಲಿ ಡಿಸ್ನಿಯಲ್ಲಿ ಅವ್ರೂ ಇದೇ ಕೆಲ್ಸಕ್ಕೆ ಸೇರಿ, ಬೇಸತ್ತು, ಕಾಡಿನ ಜಿಂಕೆಮರಿ ಸಿನಿಮಾ ತಯಾರಾಗ್ತಿದೆ ಅಂತ ಗೊತ್ತಾಗಿ ತಾವಾಗೇ ಮಂಜು ಮುಸುಕಿದ ಕಾಡಿನ ಚಿತ್ರಗಳನ್ನ ಬರೆದು ತೋರ್ಸಿದ್ರು, ಎಲೆ ಎಲೆ ಬಿಡಿಸಿದ ಕಾಡಲ್ಲ, ಕಾಡು ಅನ್ನಿಸೋ ಕಾಡು. 1942ರಲ್ಲಿ ಬಂದ 'ಬ್ಯಾಂಬಿ'ಯ ನೋಟ ನಿಂತಿರೋದೇ ಅದ್ರ ಮೇಲೆ. ಯಾರೂ ಕೇಳ್ದೇ ಇದ್ರೂ ಬರೆದು ತೋರಿಸಿದ್ರಲ್ಲ, ಆ ಧೈರ್ಯ ನನಗೆ ಬರೋಕೆ ತುಂಬಾ ದಿನ ಬೇಕಾಯ್ತು.

ಕ್ಲಾಸ್‌ಮೇಟ್ಸ್ ಒಬ್ಬೊಬ್ರೂ ಒಂದೊಂದು ಕಡೆಯಿಂದ ಬಂದ್ರು. ಶಿಲ್ಪ ವಿಭಾಗದವ್ಳು ಝೆಡ್‌ಬ್ರಶ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡಿಜಿಟಲ್ ಶಿಲ್ಪ ಮಾಡ್ತಾ ಥ್ರೀಡಿ ಮಾಡೆಲಿಂಗ್‌ಗೆ ಹೋದ್ಳು, ಜೇಡಿಮಣ್ಣಲ್ಲಿ ಕೈ ಪಳಗಿತ್ತು, ಮುಖ ಅದ್ಭುತ ಮಾಡ್ತಿದ್ಳು, ಆದ್ರೆ ಮೊದಲ ಮಾಡೆಲ್, ಅದರೊಳಗೆ ಮೂಳೆ ಕೀಲು ಕೂರಿಸೋ ರಿಗ್ಗಿಂಗ್‌ನವ್ರ ಹತ್ರ ಹೋದ ತಕ್ಷಣ ವಾಪಸ್ ಬಂತು, ಮೊಣಕೈ ಮಡಿಚಿದ್ರೆ ಒದ್ದೆ ಬಟ್ಟೆ ಹಿಂಡಿದಂಗೆ ಆಗ್ತಿತ್ತಂತೆ. ಮೇಲ್ಮೈ ಎಷ್ಟೇ ಚೆನ್ನಾಗಿದ್ರೂ ಅದನ್ನ ಕಟ್ಟಿರೋ ಗೆರೆಗಳ ಬಲೆ ಕೀಲು ಮಡಿಚೋ ದಿಕ್ಕಿಗೆ ಸುತ್ಕೊಂಡಿರ್ಬೇಕು, ಇಲ್ಲಾಂದ್ರೆ ಆ ಮುಖ ಬೊಂಬೆಯಾಗೇ ಉಳಿಯುತ್ತೆ. ನೋಟ್ಸ್ ಅಂಚಲ್ಲೆಲ್ಲ ಗೀಚ್ತಿದ್ದವ್ನು ಕಥೇನ ಚಿತ್ರಗಳಲ್ಲಿ ಜೋಡಿಸೋ ಸ್ಟೋರಿಬೋರ್ಡಿಗೆ ಹೋದ. ಲ್ಯಾಂಡ್‌ಸ್ಕೇಪ್ ಬರೀತಿದ್ದ ಇಬ್ರು ಬ್ಯಾಕ್‌ಗ್ರೌಂಡು, ಲೈಟಿಂಗು. ನಾಟಕದಲ್ಲಿ ಪಾರ್ಟ್ ಮಾಡ್ತಿದ್ದ ಹುಡುಗಿ, ಚಿತ್ರ ಅಷ್ಟಕ್ಕಷ್ಟೇ, ಇವತ್ತು ನಮ್ಮೆಲ್ಲರಿಗಿಂತ ಒಳ್ಳೇ ಥ್ರೀಡಿ ಅನಿಮೇಟರು.

ಸಾಫ್ಟ್‌ವೇರ್ ಯಾವ್ದು ಕಲೀಬೇಕು ಅಂತ ಎಲ್ರೂ ಕೇಳ್ತೀರಿ. ಯಾವ್ದಾದ್ರೂ ಕಲೀರಿ. ಬ್ಲೆಂಡರ್ ಫ್ರೀ ಇದೆ, 2025ರಲ್ಲಿ ಆಸ್ಕರ್ ಗೆದ್ದ 'ಫ್ಲೋ' ಸಿನಿಮಾ ಅದ್ರಲ್ಲೇ ಆಗಿರೋದು, ದುಡ್ಡಿನ ಸಾಫ್ಟ್‌ವೇರ್ ಇಲ್ಲ ಅನ್ನೋ ನೆಪ ಈಗ ನಡೆಯಲ್ಲ. ಇನ್ನು ರೀಲು: ಒಂದು ನಿಮಿಷ ಸಾಕು, ಬೆಸ್ಟ್ ಶಾಟ್ ಮೊದ್ಲೇ ಇರ್ಲಿ, ಗ್ರೂಪ್ ಕೆಲ್ಸ ಆಗಿದ್ರೆ ಪ್ರತಿ ಶಾಟಲ್ಲೂ ನೀವೇನು ಮಾಡಿದ್ರಿ ಅಂತ ಬರೀರಿ. ಒಂದ್ಸಲ ನನ್ನ ಟೇಬಲ್‌ಗೆ ಬಂದ ರೀಲಲ್ಲಿ ನಾನೇ ಮಾಡಿದ ಶಾಟ್ ಇತ್ತು, ಕಳಿಸಿದವ್ರಿಗೆ ಅದು ಗೊತ್ತಿರ್ಲಿಲ್ಲ ಪಾಪ.

ಒಳಗೆ ಬಂದ್ಮೇಲೆ ಎಲ್ಲಾ ಸರಿಹೋಗುತ್ತೆ ಅಂತ ಹೇಳಲ್ಲ. ಎಷ್ಟೋ ಕೆಲ್ಸ ಪ್ರಾಜೆಕ್ಟ್ ಇರೋ ತನಕ ಅಷ್ಟೇ, ಡೆಲಿವರಿ ಹತ್ರ ಬಂದ್ರೆ ರಾತ್ರಿ ಹಗಲು ಗೊತ್ತಾಗಲ್ಲ, ಮಾಡಿದ ಶಾಟನ್ನ ಸಿನಿಮಾ ರಿಲೀಸ್ ಆಗೋ ತನಕ ಯಾರಿಗೂ ತೋರಿಸೋ ಹಾಗಿಲ್ಲ, ಆಮೇಲೂ ಪರ್ಮಿಷನ್ ಬೇಕು. ನಾನೇ ಎರಡು ಸಲ ಕೆಲ್ಸ ಇಲ್ದೆ ಕೂತಿದ್ದೀನಿ, ಆವಾಗ ಸ್ಕೆಚ್‌ಬುಕ್ ಹಿಡ್ಕೊಂಡು ಜನ ಕಾಯೋ ಜಾಗಗಳಲ್ಲಿ ಕೂರ್ತಿದ್ದೆ. ಕಾಯೋ ಮನುಷ್ಯ ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕೋದನ್ನ ಬರೀತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ನಾನು ಕೀ ಅನಿಮೇಟರ್ ಆದ್ಮೇಲೆ ಮಾಡಿದ ಮೊದಲ ಶಾಟು, ಸಿನಿಮಾ ಬಂದು, ಪರ್ಮಿಷನ್ ಸಿಕ್ಕಿ, ಮೇಷ್ಟ್ರಿಗೆ ಕಳಿಸಿದ್ದೆ. ರಿಟೈರ್ ಆಗಿದ್ರು. ಒಬ್ಬ ಹುಡುಗ ದೊಡ್ಡ ಮೂಟೆ ಹೊತ್ಕೊಂಡು ಬಂದು ಕೆಳಗಿಟ್ಟು ಕೂರೋ ಶಾಟು, ಎರಡು ವಾರದ ಕೆಲ್ಸ, ಡೈರೆಕ್ಟರ್ ಒಂದೇ ಸಲಕ್ಕೆ ಓಕೆ ಅಂದಿದ್ರು. ಎರಡು ದಿನ ಬಿಟ್ಟು ಮೇಷ್ಟ್ರ ಫೋನು. ಹೇಗಿದ್ದೀಯ ಅಂತಾನೂ ಕೇಳ್ಲಿಲ್ಲ. "ಎತ್ಕೊಂಡು ಬಂದಿದ್ದೇನೋ ಸರಿಯಾಗಿದೆ ಕಣೋ, ಇಳಿಸಿದ್ಮೇಲೆ ಅವ್ನ ಹೆಗಲು ಯಾಕೆ ಮೇಲೆ ಬರ್ಲಿಲ್ಲ?" ಅಂದ್ರು.

ಫೋನ್ ಹಿಡ್ಕೊಂಡೇ ಶಾಟ್ ಓಪನ್ ಮಾಡಿ ಒಂದೊಂದೇ ಫ್ರೇಮ್ ನೋಡ್ದೆ. ಬಂದಿರ್ಲಿಲ್ಲ.