ಇನ್ನೊಂದು ಒರಳು

ಕೋಟಾಗೆಡೆ, ಯೋಗ್ಯಕರ್ತಾ, ಇಂಡೋನೇಷ್ಯಾ
14 ಆಗಸ್ಟ್ 2024, ಬುಧವಾರ, ರಾತ್ರಿ

ಇವತ್ತು ಮಧ್ಯಾಹ್ನ ಲೋತೆಕ್ ಅನ್ನುವ ತರಕಾರಿ ತಿಂಡಿಯ ಅಂಗಡಿಯಮ್ಮ, ಇಲ್ಲಿಯ ಮಾತಲ್ಲಿ 'ಬು', ನನಗೋಸ್ಕರ ಬೇರೆ ಒರಳು ತೆಗೆದರು. ಅದನ್ನು ಬರೆಯದೆ ನಿದ್ದೆ ಬರೋದಿಲ್ಲ ಅನ್ನಿಸಿ ಕೂತಿದ್ದೇನೆ. ಇವರು ಇನ್ನೂ ಯೂನಿವರ್ಸಿಟಿಯಿಂದ ಬಂದಿಲ್ಲ. ಹೊರಗೆ ಒಳ್ಳೆ ಚಳಿ. ಮಳೆ ಇಲ್ಲದ ಈ ತಿಂಗಳುಗಳಲ್ಲಿ ರಾತ್ರಿ ಹೀಗೇ ಅಂತೆ, ಅದಕ್ಕೆ ಜಾವಾದವರು 'ಬೆಡಿಡಿಂಗ್' ಅನ್ನುತ್ತಾರೆ. ಸಮಭಾಜಕದ ಹತ್ತಿರ ಯಾವ ಚಳಿ ಅಂತ ನಾನು ಬೇಡ ಬೇಡ ಅಂದರೂ ಅಮ್ಮ ತುರುಕಿದ ಶಾಲು ಈಗ ಹೆಗಲ ಮೇಲಿದೆ.

ನಮ್ಮ ಓಣಿಯ ಬಾಯಲ್ಲಿ ಒಂದು ಕಮಾನು ಇದೆ. 'ಗಾಪುರಾ' ಅಂತಾರೆ, ನಮ್ಮ ಗೋಪುರವೇ. 17ಕ್ಕೆ ಇಲ್ಲಿಯವರ ಸ್ವಾತಂತ್ರ್ಯ ದಿನ, ಹಾಗಾಗಿ ಕಮಾನಿಗೆ ಹೊಸದಾಗಿ ಕೆಂಪು ಬಿಳಿ ಬಣ್ಣ ಬಳಿದಿದ್ದಾರೆ. ಅದರ ಪಕ್ಕದಲ್ಲೇ ಬು ಅಂಗಡಿ. ಬು ಅಂದರೆ ಅಮ್ಮ. ಇಲ್ಲಿ ಯಾರನ್ನೂ ಸುಮ್ನೆ ಹೆಸರು ಹಿಡಿದು ಕರೆಯುವ ಹಾಗಿಲ್ಲ. ದೊಡ್ಡವರು ಬು, ಪಾಕ್. ಚಿಕ್ಕವರಾದರೆ ಎಂಬಾಕ್, ಮಾಸ್, ಅಂದರೆ ಅಕ್ಕ, ಅಣ್ಣ. ಹೋಟೆಲಿನಲ್ಲಿ ನೀರು ಕೇಳುವಾಗಲೂ ಹಾಗೇ ಕರೆಯಬೇಕು. ಇದು ನನಗೆ ಮೊದಲ ದಿನವೇ ಇಷ್ಟವಾಯಿತು.

ಲೋತೆಕ್ ಅಂದರೆ ಬೇಯಿಸಿದ ಸೊಪ್ಪು, ಕೋಸು, ಮೊಳಕೆ ಕಾಳು, ಅಲಸಂದೆ ಕೋಡು, ಅದಕ್ಕೆ ಕಡಲೆಕಾಯಿ ಚಟ್ನಿ. ಚಟ್ನಿ ಮೊದಲೇ ಮಾಡಿಟ್ಟಿರುವುದಿಲ್ಲ. ನಾವು ಕೇಳಿದ ಮೇಲೆಯೇ ಅರೆಯುವುದು. 'ಚೋಬೆಕ್' ಅಂತ ತಟ್ಟೆಯ ಹಾಗೆ ಅಗಲವಾದ ಕಪ್ಪು ಕಲ್ಲಿನ ಒರಳು. ನಮ್ಮ ಒರಳಿನ ಹಾಗೆ ಆಳ ಇಲ್ಲ. ಬು ಮೊದಲು ಕೇಳುವುದು 'ಚಾಬೆ ಬೆರಾಪಾ?' ಮೆಣಸು ಎಷ್ಟು? ಖಾರ ಜಾಸ್ತಿಯೋ ಕಡಿಮೆಯೋ ಅಂತಲ್ಲ, ಎಣಿಸಿ ಹೇಳಬೇಕು. ನಾನು ಎರಡು ಅಂದೆ. ಎರಡು ಮೆಣಸು, ಒಂದು ಎಸಳು ಬೆಳ್ಳುಳ್ಳಿ, ಉಪ್ಪು, ಕಚೋರದ ಚೂರು, ತಾಳೆ ಬೆಲ್ಲದ ತುಂಡು. ಆಮೇಲೆ ಬು ಒಂದು ಡಬ್ಬಿ ಮುಚ್ಚಳ ತೆಗೆದರು. ವಾಸನೆ ಬಂತು. ಪುತ್ತೂರು ಸಂತೆಯಲ್ಲಿ ಒಣಮೀನಿನ ಸಾಲು ದಾಟುವಾಗ ಬರುತ್ತಲ್ಲ, ಅದೇ.

ತೆರಾಸಿ. ಸಣ್ಣ ಸೀಗಡಿಯನ್ನು ಕೊಳೆಸಿ, ಒಣಗಿಸಿ, ಗಟ್ಟಿ ಮಾಡಿದ್ದು. ಇಲ್ಲಿ ಸೊಪ್ಪು ತರಕಾರಿಯ ಅಡುಗೆಯಲ್ಲೂ ಅದು ಇರಬಹುದು. ಕಣ್ಣಿಗೆ ಕಾಣುವುದೇ ಇಲ್ಲ.

'ಬು, ಜಾಂಗನ್ ಪಾಕೆ ತೆರಾಸಿ' ಅಂದೆ. ಹಾಕಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಭಾಷೆಯ 'ಇಲ್ಲ'ಗಳು ಕನ್ನಡದವರಿಗೆ ಎಷ್ಟು ಸಲೀಸು ಗೊತ್ತಾ? ಇವರ ಜೊತೆ ಕೆಲಸ ಮಾಡುವ ಇಂಗ್ಲಿಷಿನವರು ಒದ್ದಾಡುತ್ತಾರಂತೆ, ಅವರಿಗೆ ಎಲ್ಲಕ್ಕೂ ನೋ, ನಾಟ್. ನಮಗೆ ಹಾಗಲ್ಲ. ತಿಡಾಕ್ ಅಂದರೆ ಇಲ್ಲ. ಬುಕನ್ ಅಂದರೆ ಅಲ್ಲ. ಜಾಂಗನ್ ಅಂದರೆ ಬೇಡ. 'ಇದು ಕೋಳಿಯಾ?' ಅಂತ ಕೇಳಿದರೆ 'ಬುಕನ್', ಅಲ್ಲ, ಹಲಸು. 'ತೆರಾಸಿ ಇದೆಯಾ?' ಅಂದರೆ 'ತಿಡಾಕ್ ಆಡಾ', ಇಲ್ಲ. ಮೂರೂ ನಮ್ಮ ಬಾಯಲ್ಲಿ ಮೊದಲೇ ಇದ್ದವು. ಹೊಸ ಶಬ್ದ ತಂದು ಅದೇ ಜಾಗದಲ್ಲಿ ಇಟ್ಟರೆ ಆಯಿತು. ನಾಲ್ಕನೆಯದು ಬೆಲುಮ್, ಇನ್ನೂ ಇಲ್ಲ. 'ಸುಡಾ ಮಾಕನ್?' ಅಂತ ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ. ಊಟ ಆಯ್ತಾ! ಊಟ ಆಗದಿದ್ದರೆ ತಿಡಾಕ್ ಅನ್ನಬಾರದು, ಬೆಲುಮ್ ಅನ್ನಬೇಕು. ಆಮೇಲಾದರೂ ಆಗುತ್ತದಲ್ಲ, ಅದಕ್ಕೆ.

ಬು ಕೈ ನಿಲ್ಲಿಸಿದರು. ಅಲರ್ಜಿಯಾ? ಅಲ್ಲ. ಪುವಾಸಾ? ಅಂದರೆ ಉಪವಾಸವಾ? ಶಬ್ದವೂ ಅದೇ, ಉಪವಾಸವೇ ಸವೆದು ಪುವಾಸಾ ಆಗಿದೆ. ಅಲ್ಲ ಅಂದೆ. 'ಮುತಿಹ್?' ಅಂದರು. ಅದು ನನಗೆ ಗೊತ್ತಿರಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದರು. ಬರೀ ಬಿಳಿ ಅನ್ನ, ಬರೀ ನೀರು, ಉಪ್ಪೂ ಇಲ್ಲ. ಏನಾದರೂ ದೊಡ್ಡದು ಬೇಡಿಕೊಂಡವರು ಮಾಡುವ ವ್ರತ. ಅವರು ಮಗನ ಪರೀಕ್ಷೆಗೆ ಮೂರು ದಿನ ಮಾಡಿದ್ದರಂತೆ. ಈಗಲೂ ಅವನ 'ವೆತೊನ್' ದಿನ ಉಪವಾಸ ಇರುತ್ತಾರಂತೆ. ಜಾವಾದವರಿಗೆ ಏಳು ದಿನದ ವಾರದ ಜೊತೆ ಐದು ದಿನದ ಸಂತೆ ವಾರವೂ ಉಂಟು. ಎರಡೂ ಸೇರಿ 35 ದಿನಕ್ಕೊಮ್ಮೆ ಹುಟ್ಟಿದ ದಿನ ತಿರುಗಿ ಬರುತ್ತದೆ. ಮಗ ಸುರಬಾಯಾದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಇದು ಗೊತ್ತಾ ಅಂತ ಕೇಳಿದೆ. ಬು ನಕ್ಕರು, ಉತ್ತರ ಹೇಳಲಿಲ್ಲ.

ನಾನು ಹೇಳಿದೆ, ವ್ರತ ಅಲ್ಲ ಬು, ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಕೋಳಿ, ಮೀನು, ಸೀಗಡಿ ಯಾವುದೂ. 'ಸೆಉಮುರ್ ಹಿಡುಪ್?' ಜೀವಮಾನವಿಡೀ? ಅವರ ಕಣ್ಣು ದೊಡ್ಡದಾಯಿತು. ಮೀನಿನ ರುಚಿಯೇ ಗೊತ್ತಿಲ್ವಾ? ಕೋಳಿ? ಒಮ್ಮೆಯೂ ಇಲ್ಲವಾ?

ತಿಡಾಕ್ ಪೆರ್ನಾ ಅನ್ನಬೇಕು. ಯಾವತ್ತೂ ಇಲ್ಲ. ಮೂರು ವಾರದಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ. ಇವತ್ತು ಗಂಟಲಲ್ಲೇ ನಿಂತಿತು.

ಹೋದ ಗುರುವಾರದ್ದು ಇಲ್ಲಿ ಬರೆದಿರಲಿಲ್ಲ. ಊರಿನ ಆ ಕಡೆ ಒಂದು ಹೋಟೆಲಿನಲ್ಲಿ ಮೀ ಗೊರೆಂಗ್, ಅಂದರೆ ಹುರಿದ ನೂಡಲ್ಸ್, ಹೇಳಿದ್ದೆ. 'ಸಾಯಾ ತಿಡಾಕ್ ಮಾಕನ್ ದಾಗಿಂಗ್' ಅಂತ ಸ್ಪಷ್ಟವಾಗಿ ಹೇಳಿದ್ದೆ, ನಾನು ಮಾಂಸ ತಿನ್ನುವುದಿಲ್ಲ ಅಂತ. ಆ ಹುಡುಗ ತಲೆ ಆಡಿಸಿ ಬರೆದುಕೊಂಡ. ತಟ್ಟೆ ಬಂತು. ಹಸಿವು ಜೋರಾಗಿತ್ತು. ಒಂದು ತುತ್ತು ಬಾಯಿಗೆ ಹೋಗಿ, ಅಗಿದು, ನುಂಗಿದ ಮೇಲೆ ಏನೋ ನಾರು ನಾರು ಅನ್ನಿಸಿತು. ಅಣಬೆ ಇರಬೇಕು ಅಂತ ಇನ್ನೊಮ್ಮೆ ನೋಡಿದೆ. ಕರೆದು ಕೇಳಿದರೆ ಅವನು ಪಾಪ ಸಮಾಧಾನ ಮಾಡುವ ಹಾಗೆ ಹೇಳಿದ, 'ಬುಕನ್ ದಾಗಿಂಗ್, ಇತು ಆಯಾಮ್.' ಅದು ದಾಗಿಂಗ್ ಅಲ್ಲ, ಕೋಳಿ. ಡಿಕ್ಷನರಿಯಲ್ಲಿ ದಾಗಿಂಗ್ ಅಂದರೆ ಮಾಂಸ. ಮಾತಿನಲ್ಲಿ ದಾಗಿಂಗ್ ಅಂದರೆ ಹೆಚ್ಚಾಗಿ ದನದ ಮಾಂಸ. ಕೋಳಿ ಬೇರೆ, ಮೀನು ಬೇರೆ. ಒಂದೊಂದರ ಹೆಸರೂ ಹೇಳಿ ಬೇಡ ಅನ್ನಬೇಕು. ಅವನ ತಪ್ಪಿಲ್ಲ. ನಾನು ಎದ್ದು ಹೋಗಿ ಬಾಯಿ ಮುಕ್ಕಳಿಸಿದೆ. ಎಷ್ಟು ಸಲ ಅಂತ ಲೆಕ್ಕ ಇಲ್ಲ. ಇವರಿಗೆ ಮಾತ್ರ ಹೇಳಿದೆ. 'ಬಿಡು, ಗೊತ್ತಿಲ್ಲದೆ ಆದದ್ದು' ಅಂದರು. ಅಮ್ಮ ಅವತ್ತು ಫೋನಿನಲ್ಲಿ ಎಂದಿನ ಹಾಗೆ 'ಊಟ ಆತೋ? ಎಂತ ಊಟ?' ಅಂತ ಕೇಳಿದಳು. ಅನ್ನ, ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ) ಅಂದೆ.

ಏಕಾದಶಿಗೆ ನೀರೂ ಲೆಕ್ಕ ಹಾಕಿ ಕುಡಿಯುವವಳು ನನ್ನಮ್ಮ.

ಬು ಎದುರು ಮಾತ್ರ ಸುಳ್ಳು ಬರಲಿಲ್ಲ. 'ಪೆರ್ನಾ, ಸೆಕಾಲಿ' ಅಂದೆ. ಒಮ್ಮೆ ಆಗಿದೆ. 'ಮಿಂಗು ಲಾಲು. ತಿಡಾಕ್ ಸೆಂಗಾಜಾ.' ಹೋದ ವಾರ, ಬೇಕಂತ ಅಲ್ಲ. ನನ್ನ ಹತ್ತಿರ ಇದ್ದ ಇಂಡೋನೇಷ್ಯನ್ ಅಷ್ಟೇ. ಅಷ್ಟು ಹೇಳುವಾಗಲೇ ಕಣ್ಣು ತುಂಬಿತು.

ಬು ತಕ್ಷಣ ಏನೂ ಹೇಳಲಿಲ್ಲ. ಮಾಡುತ್ತಿದ್ದ ಚೋಬೆಕ್ ಅನ್ನು ಪಕ್ಕಕ್ಕೆ ಸರಿಸಿದರು. ಆಗ ನೋಡಿದೆ, ಅದರ ಅಂಚಿನಲ್ಲಿ ಹಿಂದಿನ ಗಿರಾಕಿಯ ಚಟ್ನಿ ಇನ್ನೂ ಅಂಟಿತ್ತು, ಕಂದು ಬಣ್ಣಕ್ಕೆ. ನನಗೆ ಹೊಳೆದೇ ಇರಲಿಲ್ಲ. ಬು ಬಗ್ಗಿ, ಮೇಜಿನ ಕೆಳಗಿನಿಂದ ಚಿಕ್ಕದೊಂದು ಕಲ್ಲು ಎಳೆದರು. ಮೇಲೆ ಧೂಳು ಇತ್ತು. ಥರ್ಮಾಸಿನಿಂದ ಬಿಸಿನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕಿದರು. ಇನ್ನೊಮ್ಮೆ ಸುರಿದರು. ರುಬ್ಬುವ ಕಲ್ಲನ್ನೂ ತೊಳೆದರು. ಸೆರಗಿನಂಥ ತಮ್ಮ ತಲೆವಸ್ತ್ರ ಕೆರುಡುಂಗಿನ ತುದಿಗೆ ಅಲ್ಲ, ಬೇರೆ ಒಣ ಬಟ್ಟೆಗೆ ಕೈ ಒರೆಸಿಕೊಂಡರು. ಆಮೇಲೆ ಮೊದಲಿನಿಂದ ಶುರು. ಎರಡು ಮೆಣಸು, ಎಸಳು ಬೆಳ್ಳುಳ್ಳಿ, ಉಪ್ಪು, ಕಚೋರ, ಬೆಲ್ಲ. ಅರೆಯುತ್ತಾ ಅರೆಯುತ್ತಾ ಹೇಳಿದರು, ರಂಜಾನ್ ತಿಂಗಳಲ್ಲಿ ಮರೆತು ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ, ನೆನಪಾದ ಕೂಡಲೇ ನಿಲ್ಲಿಸಿ ಮುಂದುವರಿಸಬೇಕು ಅಷ್ಟೆ. 'ತಿಡಾಕ್ ದೋಸಾ' ಅಂದರು.

ದೋಸಾ. ದೋಷ. ಎಲ್ಲಿಂದ ಎಲ್ಲಿಗೆ ಬಂದ ಶಬ್ದ! ನಮ್ಮಲ್ಲಿ ಜಾತಕಕ್ಕೂ ಕಣ್ಣಿಗೂ ಹೇಳುವುದು, ಇಲ್ಲಿ ಪಾಪಕ್ಕೆ. ತಿಡಾಕ್ ದೋಸಾ.

ಲೋತೆಕ್ ತುಂಬ ಚೆನ್ನಾಗಿತ್ತು. ಬೆಲ್ಲ ಸ್ವಲ್ಪ ಮುಂದೆ, ಕಚೋರದ ಘಮ ಹಿಂದೆ. ಎರಡು ತಾಹು ಗೊರೆಂಗ್, ಅಂದರೆ ಕರಿದ ತೋಫು, ಸಹ ತೆಗೆದುಕೊಂಡೆ. ಇಲ್ಲಿ ತಿಂದದ್ದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಕೊನೆಗೆ ನಾವೇ ಇಷ್ಟು ತಿಂದೆ ಅಂತ ಹೇಳಬೇಕು, ಅವರು ನಂಬುತ್ತಾರೆ. ಲೋತೆಕ್ಕಿಗೆ 15,000 ರುಪಯಾ, ನಮ್ಮ 80 ರೂಪಾಯಿ ಹತ್ತಿರ. ಬು ಬಾಯಲ್ಲಿ ಬರೀ 'ಲಿಮಾ ಬೆಲಾಸ್', ಹದಿನೈದು. ಸಾವಿರ ಅಂತ ಹೇಳುವುದೇ ಇಲ್ಲ. ಹೊರಡುವಾಗ ಶನಿವಾರ ಓಣಿಯಲ್ಲಿ ಮಕ್ಕಳಿಗೆ ಆಟ ಇದೆ, ಬಾ ಅಂದರು. ದಾರಕ್ಕೆ ಕಟ್ಟಿ ತೂಗಾಡಿಸಿದ ಹಪ್ಪಳವನ್ನು ಕೈ ಮುಟ್ಟಿಸದೆ ತಿನ್ನುವ ಪಂದ್ಯವಂತೆ.

ಒಗೆದ ಬಟ್ಟೆ ಇನ್ನೂ ಒಣಗಿಲ್ಲ. ನಾಳೆ ಹಾಕಲು ಇವರಿಗೆ ಶರ್ಟ್ ಇಲ್ಲ.

ಗಂಟೆ ಒಂಬತ್ತು. ಊರಲ್ಲಿ ಏಳೂವರೆ. ಅಮ್ಮ ದೀಪ ಹಚ್ಚಿ, ಭಜನೆ ಮುಗಿಸಿ, ಜಗಲಿಯಲ್ಲಿ ಕೂತಿರುತ್ತಾಳೆ. ಒಬ್ಬ ಅಪರಿಚಿತ ಹೆಂಗಸಿಗೆ ಬಾರದ ಭಾಷೆಯಲ್ಲಿ ಹೇಳಿದ್ದನ್ನು ಅಮ್ಮನಿಗೆ ನಮ್ಮ ಭಾಷೆಯಲ್ಲಿ ಹೇಗೆ ಶುರು ಮಾಡುವುದು? ಮೊದಲು ಒರಳಿನ ವಿಷಯ ಹೇಳಲಾ? ಬಿಸಿನೀರು ಎರಡು ಸಲ ಸುರಿದದ್ದು ಹೇಳಿದರೆ ಅವಳಿಗೆ ಬು ಎಂಥವರು ಅಂತ ಅರ್ಥ ಆಗುತ್ತದೆ. ಆಮೇಲೆ ಯಾಕೆ ತೊಳೆದರು ಅಂತ ಕೇಳಿಯೇ ಕೇಳುತ್ತಾಳೆ, ಆಗ

ಅಗೋ, ಅವಳದೇ ಮೆಸೇಜು. ಊಟ ಆತೋ.