ಗಾಯದ ಸೊಪ್ಪು ಮತ್ತು ವೊಲೆಮೈ ಪೈನ್

“ದೊಡ್ಡಮ್ಮ, ಇಲ್ಲಿರೋದೆಲ್ಲ ಬರೀ ಕಳೆ. ನೋಡೋಕೇನಿದೆ?”

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ತಂಗಿ ಮಗಳು ಹೀಗಂದಳು. ಏಳನೇ ಕ್ಲಾಸಿನ ಹುಡುಗಿ. ಹಿಂದಿನ ರಾತ್ರಿ ವೊಲೆಮೈ ಪೈನ್ ಬಗ್ಗೆ ವಿಡಿಯೋ ನೋಡಿದ್ದಳು, ದಾರಿಯುದ್ದಕ್ಕೂ ಅದೇ ಮಾತು. ಆಸ್ಟ್ರೇಲಿಯಾದಲ್ಲಿ, ಸಿಡ್ನಿಯಿಂದಾಚೆ ಒಂದು ಕಣಿವೆಯಲ್ಲಿ 1994ರಲ್ಲಿ ಡೇವಿಡ್ ನೋಬಲ್ ಎಂಬುವರ ಕಣ್ಣಿಗೆ ಬಿದ್ದ ಮರ ಅದು. ಕಾಡಲ್ಲಿ ಉಳಿದಿರುವ ಬೆಳೆದ ಮರಗಳು ನೂರೂ ಇಲ್ಲ. ಬೂಟಿಗಂಟಿದ ಮಣ್ಣಿನಿಂದ ಬೇರಿಗೆ ರೋಗ ತಗುಲುತ್ತದೆ ಅಂತ ಜಾಗವನ್ನೇ ಗುಟ್ಟಾಗಿಟ್ಟಿದ್ದಾರೆ. 2019-20ರ ಕಾಳ್ಗಿಚ್ಚಿನಲ್ಲಿ ಸಿಬ್ಬಂದಿ ಹೆಲಿಕಾಪ್ಟರ್‌ನಿಂದ ಇಳಿದು ನೀರು ಹಾಯಿಸಿ ಉಳಿಸಿಕೊಂಡರು.

ಎಲ್ಲ ನಿಜ. ಆದರೆ ಕಾಲ ಬುಡದಲ್ಲಿರೋದನ್ನ ‘ಬರೀ ಕಳೆ’ ಅಂದದ್ದು ನನಗೆ ಸಹಿಸಲಾಗಲಿಲ್ಲ.

ಗಾಯದ ಸೊಪ್ಪಿನ ಹೂವೊಂದನ್ನು ಕಿತ್ತು ಅವಳ ಅಂಗೈ ಮೇಲಿಟ್ಟೆ. ಸಸ್ಯಶಾಸ್ತ್ರದ ಹೆಸರು ಟ್ರೈಡಾಕ್ಸ್. ಚಿಕ್ಕವರಿದ್ದಾಗ ಮಂಡಿ ತರಚಿದರೆ ಇದರ ಎಲೆ ಹಿಸುಕಿ ರಸ ಬಿಡ್ತಿದ್ದೆವು. ಗೇಣುದ್ದದ ತೊಟ್ಟು, ತುದಿಯಲ್ಲಿ ಒಂದು ಹೂ. ಭೂತಗನ್ನಡಿ ಕೊಟ್ಟೆ. ಸುತ್ತ ಐದು ಬಿಳಿ ಎಸಳು, ಒಂದೊಂದರ ತುದಿಗೂ ಮೂರು ಹಲ್ಲು. ಆ ಒಂದೊಂದು ಎಸಳೂ ಒಂದು ಹೂ! ನಡುವಿನ ಹಳದಿಯಲ್ಲೂ ಹತ್ತಾರು ಪುಟ್ಟ ಕೊಳವೆ ಹೂಗಳು. ಬಲಿತ ಬೀಜಕ್ಕೆ ರೋಮದ ಕೊಡೆ. ಊದಿದಳು, ಹಾರಿಹೋಯ್ತು.

ವೊಲೆಮೈಗೆ ಹೂವೇ ಇಲ್ಲ. ಅದು ಶಂಕು (ಕೋನ್) ಬಿಡುವ ಮರ. ಗಂಡು ಶಂಕುವಿನ ಪರಾಗವನ್ನು ಗಾಳಿ ಹೆಣ್ಣು ಶಂಕುವಿಗೆ ತಲುಪಿಸಬೇಕು. ಬೀಜ ಬಲಿಯೋಕೆ ವರ್ಷದ ಮೇಲೆ ಬೇಕು. ಗಾಯದ ಸೊಪ್ಪು ಮೊಳೆತ ಕೆಲವೇ ವಾರಗಳಲ್ಲಿ ಹೂ ಬಿಟ್ಟಿರುತ್ತದೆ.

“ಹಾಗಾದ್ರೆ ಇದೇ ಗೆದ್ದಿತು ಅಲ್ವಾ?” ಅಂದಳು. ಹಾಗೂ ಅಲ್ಲ. ವೊಲೆಮೈ ಪರಾಗದಂಥದ್ದೇ ಪರಾಗ ಸುಮಾರು 9 ಕೋಟಿ ವರ್ಷ ಹಳೆಯ ಪದರಗಳಲ್ಲಿ ಸಿಕ್ಕಿದೆ, ಅಂಟಾರ್ಟಿಕಾದಲ್ಲೂ ಸಿಕ್ಕಿದೆ. ಒಂದು ಕಾಲಕ್ಕೆ ಅದರ ಕುಲವೂ ದಂಡಿಯಾಗಿ ಹಬ್ಬಿತ್ತು. ನೆಲ ಒಣಗುತ್ತಾ ಬಂತು, ಮಳೆಕಾಡು ಕುಗ್ಗಿತು, ಮರ ಒದ್ದೆ ಕಣಿವೆಗೆ ಸೇರಿತು. ಅಮೆರಿಕ ಖಂಡಗಳ ಬಿಸಿನಾಡುಗಳಿಂದ ಬಂದ ಗಾಯದ ಸೊಪ್ಪಿಗೆ ನಮ್ಮ ಏರಿ, ಬದು, ರಸ್ತೆಯಂಚು ಎಲ್ಲ ಒಗ್ಗಿಬಿಟ್ಟಿತು. ಅಪರೂಪ ಅನ್ನೋದು ಗಿಡದ ಗುಣ ಅಂತ ನಾನು ಒಪ್ಪೋದಿಲ್ಲ. ಅದು ಅದಕ್ಕೆ ಉಳಿದಿರುವ ಜಾಗದ ಲೆಕ್ಕ. ಅದಕ್ಕೇ ಆ ಹೆಲಿಕಾಪ್ಟರ್ ಖರ್ಚು ನನಗೆ ಜಾಸ್ತಿ ಅನ್ನಿಸೋದೇ ಇಲ್ಲ.

ವೊಲೆಮೈನ ದಾಯಾದಿ ನಮ್ಮೂರಲ್ಲೇ ಇದೆ ಅಂದಾಗ ಅವಳ ಕಣ್ಣರಳಿತು. ಕ್ರಿಸ್‌ಮಸ್ ಮರ ಅಂತ ಕಾಂಪೌಂಡಿನೊಳಗೆ ನೆಡ್ತಾರಲ್ಲ, ಆ ಅರಾಕೇರಿಯಾ. ಎರಡೂ ಒಂದೇ ಕುಟುಂಬದವು. ಮುಂದಿನ ಭಾನುವಾರ ಅದರ ಕೊಂಬೆ ಮುಟ್ಟಿ ನೋಡೋಕೆ ಹೋಗ್ತೇವೆ.