ಕಲಬುರಗಿಯಿಂದ ಎಣಿಸಿದಾಗ ಎಷ್ಟು ಸ್ತರದ ಸರ್ಕಾರ?

ಯಾದಗಿರಿ ಕಡೆಯ ನಮ್ಮೂರಿನಲ್ಲಿ ತೊಗರಿ ಹೊಲದ ದಾರಿ ಮಳೆಗೆ ಕೊಚ್ಚಿಹೋದಾಗ ಅಪ್ಪ ಮೊದಲು ಗ್ರಾಮ ಪಂಚಾಯಿತಿಗೆ ಹೋಗುತ್ತಾರೆ. ಅಲ್ಲಿ ಹಣವಿಲ್ಲವೆಂದರೆ ತಾಲ್ಲೂಕಿಗೆ, ಆಮೇಲೆ ಜಿಲ್ಲೆಗೆ. ಭಾರತದಂಥ ದೊಡ್ಡ ಒಕ್ಕೂಟಕ್ಕೆ ಎಷ್ಟು ಸ್ತರದ ಸರ್ಕಾರ ಬೇಕೆಂಬ ನನ್ನ ಪ್ರಶ್ನೆ ಈ ಅಲೆದಾಟದಿಂದಲೇ ಹುಟ್ಟಿತು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಕೇಂದ್ರ ಮತ್ತು ರಾಜ್ಯಗಳ ಕೆಳಗೆ ಜಿಲ್ಲೆ, ತಾಲ್ಲೂಕು, ಹಳ್ಳಿ ಎಂಬ ಮೂರು ಹಂತಗಳನ್ನು ಕೂಡಿಸಿತು. ಜನಸಂಖ್ಯೆ 20 ಲಕ್ಷ ಮೀರದ ರಾಜ್ಯಗಳು ಮಾತ್ರ ನಡುವಿನದನ್ನು ಬಿಡಬಹುದು. ಅದಕ್ಕೂ ಮೊದಲು, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕರ್ನಾಟಕದ ಕಾಯ್ದೆಯಲ್ಲಿ ಜನರು ನೇರವಾಗಿ ಆರಿಸುತ್ತಿದ್ದುದು ಹಲವು ಹಳ್ಳಿಗಳನ್ನು ಒಳಗೊಂಡ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತನ್ನು ಮಾತ್ರ. ಆ ಏರ್ಪಾಡೇ ಹೆಚ್ಚು ಸರಿಯಿತ್ತೆಂದು ನಾನು ನಂಬಿದ್ದೇನೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ, ಅದಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಇದೆ. ಅನುದಾನದ ಲೆಕ್ಕದಲ್ಲಿ ಅದು ರಾಜ್ಯ ಮತ್ತು ಜಿಲ್ಲೆಯ ನಡುವಿನ ಇನ್ನೊಂದು ಸ್ತರವೇ. ಆದರೆ ಮತದಾರರು ಅದನ್ನು ನೇರವಾಗಿ ಆರಿಸುವುದಿಲ್ಲ. ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿ.ಮೀ. ದೂರವಿರುವಾಗ ಇಂಥದೊಂದು ಸ್ತರ ನಮಗೆ ಬೇಕೇ ಬೇಕು. ಅದನ್ನು ಉಳಿಸಿಕೊಂಡು, ಬೀದರ್‌ನಿಂದ ಬಳ್ಳಾರಿಯವರೆಗಿನ ಜನರೇ ಚುನಾಯಿಸುವಂತೆ ಮಾಡಿ, ತಾಲ್ಲೂಕು ಪಂಚಾಯಿತಿಯ ಹಣವನ್ನು ನೇರವಾಗಿ ಗ್ರಾಮ ಪಂಚಾಯಿತಿಗೆ ಕೊಟ್ಟರೆ, ಅಪ್ಪ ಅಲೆಯುವ ಬಾಗಿಲುಗಳಲ್ಲಿ ಒಂದಾದರೂ ಕಡಿಮೆಯಾಗುತ್ತದೆ.